ದಂತಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುವುದೇ?

ಮುಂಬಯಿಯ ಮಾಟುಂಗಾದ ನನ್ನ ದಂತ ಚಿಕಿತ್ಸಾಲಯಕ್ಕೆ ಬರುವ ಕನ್ನಡಿಗರಲ್ಲಿ, ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಹಿರಿಯರಿಂದ ಹಿಡಿದು ಡೊಂಬಿವಲಿಯಿಂದ ಲೋಕಲ್ ಗಾಡಿಯಲ್ಲಿ ಬರುವ ಗೃಹಿಣಿಯರವರೆಗೆ, ಯಾರಾದರೊಬ್ಬರು ಈ ಪ್ರಶ್ನೆ ಕೇಳದ ವಾರವಿಲ್ಲ: “ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗ್ತದಂತಲ್ಲ ಡಾಕ್ಟ್ರೇ?” ಎಷ್ಟೋ ವರ್ಷಗಳಿಂದ ಉತ್ತರ ಹೇಳುತ್ತಲೇ ಬಂದಿದ್ದೇನೆ. ಆದರೂ ಈ ಒಂದು ಹೆದರಿಕೆಯಿಂದ ಉಳಿಯಬಹುದಾಗಿದ್ದ ಹಲ್ಲುಗಳನ್ನು ಕಳೆದುಕೊಂಡವರನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ.

ಉಡುಪಿ ಕಡೆಯ ಹಿರಿಯರೊಬ್ಬರು ದವಡೆ ಹಲ್ಲಿನ ನೋವೆಂದು ಬಂದಿದ್ದರು. ಕನ್ನಡಿ ಹಿಡಿದು ನೋಡಿದರೆ ಕೆಳಗಿನ ಆರು ಮುಂಬಲ್ಲುಗಳ ಒಳಬದಿಯಲ್ಲಿ ದಂತಕಿಟ್ಟವು, ಅಂದರೆ ಹಲ್ಲಿಗೆ ಅಂಟಿ ಗಟ್ಟಿಯಾದ ಕಲ್ಲು, ಒಂದೇ ಹಲಗೆಯಂತೆ ಬೆಳೆದು, ಹಲ್ಲುಗಳ ನಡುವಿನ ಸಂದುಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ತೆಗೆದು ಗಾಜ್ ಬಟ್ಟೆಯ ಮೇಲೆ ಇಟ್ಟ ತುಂಡಿನ ಒಂದು ಬದಿಯಲ್ಲಿ ಅವರ ಹಲ್ಲುಗಳದೇ ಅಚ್ಚು ಸ್ಪಷ್ಟವಾಗಿ ಮೂಡಿತ್ತು. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಬಂದು ನಿಂತಿದ್ದ ಅವರು, “ನಿನ್ನೆವರೆಗೆ ಗಟ್ಟಿ ಇದ್ದ ಹಲ್ಲು, ನೀವು ಮುಟ್ಟಿದ ಮೇಲೆ ಅಲ್ಲಾಡ್ತಾ ಉಂಟಲ್ಲ” ಎಂದರು. ಅವರ ಅನುಭವ ಸುಳ್ಳಲ್ಲ. ಅದಕ್ಕೆ ಅವರು ಕೊಟ್ಟುಕೊಂಡ ಕಾರಣ ಮಾತ್ರ ತಪ್ಪು.

ಹಲ್ಲನ್ನು ಹಿಡಿದಿಡುವುದು ಬೇರಿನ ಸುತ್ತಲಿನ ಎಲುಬು ಮತ್ತು ಬೇರನ್ನು ಆ ಎಲುಬಿಗೆ ಕಟ್ಟಿರುವ ನಾರುಗಳು. ಆರೋಗ್ಯವಂತ ಒಸಡಿಗೂ ಹಲ್ಲಿಗೂ ನಡುವೆ ಸಾಮಾನ್ಯವಾಗಿ 1ರಿಂದ 3 ಮಿಲಿಮೀಟರ್ ಆಳದ ಸಣ್ಣ ಸಂದು ಇರುತ್ತದೆ. ಅಲ್ಲಿ ಕೂರುವ ಪಾಚಿಯನ್ನು, ಅಂದರೆ ಸೂಕ್ಷ್ಮಾಣುಗಳ ಅಂಟು ಪದರವನ್ನು, ದಿನವೂ ತೆಗೆಯದಿದ್ದರೆ, ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿಕೊಂಡು ಕೆಲವೇ ದಿನಗಳಲ್ಲಿ ಅದು ಕಲ್ಲಾಗತೊಡಗುತ್ತದೆ. ಜೊಲ್ಲಿನ ನಾಳಗಳು ತೆರೆದುಕೊಳ್ಳುವ ಕಡೆ, ಅಂದರೆ ಕೆಳಗಿನ ಮುಂಬಲ್ಲುಗಳ ಹಿಂದೆ ಮತ್ತು ಮೇಲಿನ ದವಡೆ ಹಲ್ಲುಗಳ ಕೆನ್ನೆಯ ಬದಿಯಲ್ಲಿ, ಅದು ಹೆಚ್ಚು ಬೆಳೆಯುತ್ತದೆ. ಆ ಒರಟು ಕಲ್ಲಿನ ಮೇಲೆ ಮತ್ತೆ ಪಾಚಿ ಕೂತು, ಒಸಡು ಊದಿ, ಒಳಗಿನ ಎಲುಬು ನೋವಿಲ್ಲದೆ ಕರಗುತ್ತಾ ಹೋಗುತ್ತದೆ. ಎಲುಬು ಕರಗಿದ ಹಲ್ಲು ಅಲುಗಾಡಬೇಕಾಗಿತ್ತು. ಆದರೆ ಅಕ್ಕಪಕ್ಕದ ಹಲ್ಲುಗಳಿಗೆ ಗಾರೆಯಂತೆ ಅಂಟಿಕೊಂಡ ಕಲ್ಲು ಅದನ್ನು ತಾತ್ಕಾಲಿಕವಾಗಿ ಹಿಡಿದಿರುತ್ತದೆ.

ಈ ನಗರದ ಹಳೆಯ ಚಾಳುಗಳ ಗೋಡೆಯ ಬಿರುಕಿನಲ್ಲಿ ಬೆಳೆದ ಅಶ್ವತ್ಥದ ಗಿಡವನ್ನು ನೀವು ನೋಡಿರಬಹುದು. ಬೇರು ಇಟ್ಟಿಗೆಗಳನ್ನು ಅಪ್ಪಿಕೊಂಡಿರುವುದರಿಂದ ಗೋಡೆ ನಿಂತಂತೆ ಕಾಣುತ್ತದೆ. ಕಿತ್ತಾಗ ಇಟ್ಟಿಗೆ ಸಡಿಲವಾದರೆ ಗೋಡೆ ಒಡೆದದ್ದು ಕಿತ್ತವನಿಂದಲ್ಲ, ಬೇರಿನಿಂದ. ಆ ಹಿರಿಯರಿಗೂ ನಾನು ಹೇಳಿದ್ದು ಇದನ್ನೇ. ಎಕ್ಸ್‌ರೇ ತೋರಿಸಿ, ಎಲುಬು ಇರಬೇಕಾಗಿದ್ದ ಮಟ್ಟ ಮತ್ತು ಈಗಿರುವ ಮಟ್ಟದ ಮೇಲೆ ಅವರ ಬೆರಳನ್ನೇ ಇಡಿಸಿದೆ.

ಕಲ್ಲು ಹೋದ ಜಾಗದಲ್ಲಿ ಸಂದು ಕಾಣುವುದು, ತಣ್ಣೀರು ತಾಗಿದರೆ ಜುಮ್ಮೆನ್ನುವುದು ಇವೂ ಹೀಗೆಯೇ. ಊದಿದ್ದ ಒಸಡು ಇಳಿದು, ಕಲ್ಲಿನಡಿ ಮುಚ್ಚಿದ್ದ ಬೇರಿಗೆ ಗಾಳಿ ನೀರು ತಾಗುತ್ತದೆ. ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ಇದು ಕಡಿಮೆಯಾಗುತ್ತದೆ. ಆಗದಿದ್ದರೆ ಮತ್ತೆ ತೋರಿಸಬೇಕು. ಕ್ಲೀನಿಂಗ್‌ಗೆ ಬಳಸುವ ಸ್ಕೇಲರ್ ಎಂಬ ಯಂತ್ರದ ತುದಿ ಸೆಕೆಂಡಿಗೆ 25,000ಕ್ಕೂ ಹೆಚ್ಚು ಸಲ ಕಂಪಿಸಿ ಕಲ್ಲನ್ನು ಬಿಡಿಸುತ್ತದೆ. ಸರಿಯಾದ ಕೋನದಲ್ಲಿ, ನೀರು ಹಾಯಿಸುತ್ತಾ ಬಳಸಿದರೆ ಹಲ್ಲಿನ ಎನಾಮೆಲ್ ಸವೆಯುತ್ತದೆಂಬ ಭಯ ಬೇಡ.

ಒಸಡಿನಲ್ಲಿ ರಕ್ತ ಬರುತ್ತದೆಂದು ಆ ಜಾಗದಲ್ಲಿ ಬ್ರಷ್ ಆಡಿಸುವುದನ್ನೇ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ, ಆರೋಗ್ಯವಂತರಾದ 12 ಜನ ಹಲ್ಲುಜ್ಜುವುದನ್ನು ನಿಲ್ಲಿಸಿದಾಗ 10ರಿಂದ 21 ದಿನಗಳೊಳಗೆ ಎಲ್ಲರ ಒಸಡೂ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಗುಣವಾಯಿತು. ಒಸಡಿನ ಊತ ಹೀಗೆ ಹಿಂತಿರುಗಬಲ್ಲದು. ಕರಗಿದ ಎಲುಬು ತಾನಾಗಿ ಹಿಂತಿರುಗದು. ತಂಬಾಕು ಅಥವಾ ಬೀಡಿ ಸೇದುವವರಲ್ಲಿ ರಕ್ತ ಕಡಿಮೆ ಬರುವುದರಿಂದ ಕಾಯಿಲೆ ಮರೆಯಾಗಿಯೇ ಬೆಳೆಯುತ್ತದೆ. ಮಿಶ್ರಿಯಿಂದ ಹಲ್ಲುಜ್ಜುವ ತಾಯಂದಿರಿಗೆ ನಾನು ಪ್ರತಿ ಭೇಟಿಯಲ್ಲೂ ಹೇಳುತ್ತೇನೆ, ಅದು ಹುರಿದ ತಂಬಾಕು, ಹಲ್ಲುಪುಡಿಯಲ್ಲ.

ಹಿರಿಯರ ಹಲ್ಲುಗಳಲ್ಲಿ ಒಂದನ್ನು ಉಳಿಸಲಾಗಲಿಲ್ಲ. ಉಳಿದ ಐದನ್ನು ತೆಳು ತಂತಿಯಿಂದ ಒಂದಕ್ಕೊಂದು ಬಂಧಿಸಿದೆ. ಎರಡು ತಿಂಗಳ ನಂತರ ಅಳೆದಾಗ 6 ಮಿಲಿಮೀಟರ್ ಆಳವಿದ್ದ ಒಸಡಿನ ಸಂದು 4ಕ್ಕೆ ಇಳಿದಿತ್ತು. ಎಲ್ಲರಿಗೂ ಇಷ್ಟು ಫಲ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ. ಎಷ್ಟು ತಿಂಗಳಿಗೊಮ್ಮೆ ಕ್ಲೀನಿಂಗ್ ಬೇಕೆಂಬುದೂ ಒಬ್ಬೊಬ್ಬರಿಗೆ ಒಂದೊಂದು ರೀತಿ. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದವರು ಬೇಗ ಬೇಗ ಬರಬೇಕಾಗಬಹುದು.

ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಹೃದಯದ ಕವಾಟ ಬದಲಿಸಿಕೊಂಡವರು, ಪೇಸ್‌ಮೇಕರ್ ಇರುವವರು ಅದನ್ನು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಕೂಡದು. ಖರ್ಚಿನ ಚಿಂತೆ ಇರುವವರಿಗೆ ಮುಂಬಯಿ ಸೆಂಟ್ರಲ್‌ನ ನಾಯರ್ ದಂತ ಆಸ್ಪತ್ರೆಯೂ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲು ನಿಲ್ದಾಣದ ಬಳಿಯ ಸರ್ಕಾರಿ ದಂತ ಕಾಲೇಜೂ ಇವೆ. ಬೆಳಿಗ್ಗೆ ಬೇಗ ಹೋಗಿ, ತೆಗೆದುಕೊಳ್ಳುವ ಔಷಧಿಗಳ ಚೀಟಿ ಜೊತೆಯಲ್ಲಿರಲಿ.