ಏಳು ದಿನದಲ್ಲಿ ಇಡೀ ಐರ್ಲೆಂಡನ್ನು ಕಾರಿನಲ್ಲಿ ಸುತ್ತಬಹುದೇ?

ಪ್ರಶ್ನೆ: ನಾವು ನಾಲ್ವರು ಗೆಳೆಯರು ಜೂನ್‌ನಲ್ಲಿ ಬೆಂಗಳೂರಿನಿಂದ ಐರ್ಲೆಂಡಿಗೆ ಹೊರಟಿದ್ದೇವೆ. ಕೈಯಲ್ಲಿರುವುದು ಏಳು ದಿನ. ಡಬ್ಲಿನ್‌ನಲ್ಲಿ ಕಾರು ಬಾಡಿಗೆಗೆ ಪಡೆದು ಗಾಲ್ವೇ, ಕ್ಲಿಫ್ಸ್ ಆಫ್ ಮೋಹರ್, ಕಾರ್ಕ್, ಬೆಲ್‌ಫಾಸ್ಟ್ ಎಲ್ಲವನ್ನೂ ನೋಡಬಹುದೇ? ನಮ್ಮಲ್ಲಿ ಡ್ರೈವಿಂಗ್ ಬರುವುದು ಇಬ್ಬರಿಗೆ.

ಉತ್ತರ: ಇಡೀ ದ್ವೀಪ ಆಗುವುದಿಲ್ಲ. ನೈಋತ್ಯದ ಅರ್ಧ ಚೆನ್ನಾಗಿ ಆಗುತ್ತದೆ. ಬೆಲ್‌ಫಾಸ್ಟ್ ಅನ್ನು ಈ ಸುತ್ತಿನಿಂದ ಬಿಡಿ, ಕಾರಣ ಕೊನೆಯಲ್ಲಿದೆ.

ಭೂಪಟ ನೋಡಿದವರು ಮೋಸ ಹೋಗುವುದು ದೂರದ ವಿಷಯದಲ್ಲಿ. ಡಬ್ಲಿನ್‌ನಿಂದ ಗಾಲ್ವೇಗೆ ಸುಮಾರು 208 ಕಿ.ಮೀ., ಮೋಟರ್‌ವೇಯಲ್ಲಿ ಎರಡೂವರೆ ಗಂಟೆ. ಇದೇ ಲೆಕ್ಕವನ್ನು ಕರಾವಳಿಗೆ ಹಚ್ಚಿದರೆ ಯೋಜನೆ ಪೂರ್ತಿ ಕುಸಿಯುತ್ತದೆ. ನೈಋತ್ಯ ಕರಾವಳಿಯ ಡಿಂಗಲ್ ಊರಿನ ಪಕ್ಕದ ಸ್ಲೇ ಹೆಡ್ ಸುತ್ತು ಬರೀ 47 ಕಿ.ಮೀ., ಆದರೆ ಅದಕ್ಕೆ ಅರ್ಧ ದಿನ ಬೇಕು. ರಸ್ತೆ ಕಿರಿದು, ಎರಡೂ ಕಡೆ ಕಲ್ಲಿನ ಗೋಡೆ ಅಥವಾ ಪೊದೆಬೇಲಿ, ಎದುರಿಗೆ ಬಸ್ಸು ಬಂದರೆ ಯಾರಾದರೊಬ್ಬರು ಹಿಂದೆ ಸರಿಯಬೇಕು. ಹಾಗಾಗಿ ಕಿಲೋಮೀಟರ್ ಬಿಟ್ಟು ಗಂಟೆಗಳಲ್ಲಿ ಯೋಚಿಸಿ: ಕರಾವಳಿಯಲ್ಲಿ ಗಂಟೆಗೆ 45ರಿಂದ 50 ಕಿ.ಮೀ. ಸಾಗಿದರೆ ಹೆಚ್ಚು. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಸ್ಟೀರಿಂಗ್ ಹಿಡಿದರೆ ನೋಡುವುದಕ್ಕೆ ಸಮಯ ಉಳಿಯುವುದಿಲ್ಲ.

ನಾವು ಸೂಚಿಸುವ ಹಂಚಿಕೆ ಹೀಗೆ: ಡಬ್ಲಿನ್ ಒಂದು ರಾತ್ರಿ, ಗಾಲ್ವೇ ಎರಡು, ಕಿಲಾರ್ನಿ ಎರಡು, ಕಾರ್ಕ್ ಒಂದು. ಏಳನೆಯ ದಿನ ಕಾರ್ಕ್‌ನಿಂದ ಡಬ್ಲಿನ್‌ಗೆ ವಾಪಸು.

ಮೊದಲ ದಿನ ಕಾರು ತೆಗೆದುಕೊಳ್ಳಬೇಡಿ. ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದವರು ಹೊಸ ಊರಿನ ದಟ್ಟಣೆಗೆ ಇಳಿಯುವುದು ಸರಿಯಲ್ಲ. ಅಲ್ಲದೆ ಡಬ್ಲಿನ್ ಒಳಗೆ ಕಾರು ಬರೀ ಹೊರೆ: ಪಾರ್ಕಿಂಗ್ ದುಬಾರಿ, ಬಸ್ ಲೇನ್‌ಗಳು ಹೆಚ್ಚು, ತಪ್ಪಾಗಿ ನಿಲ್ಲಿಸಿದರೆ ಚಕ್ರಕ್ಕೆ ಕ್ಲ್ಯಾಂಪ್ ಬೀಳುತ್ತದೆ. ಲುವಾಸ್ ಟ್ರಾಮ್ ಮತ್ತು ಬಸ್ಸಿನಲ್ಲಿ ನಗರ ನೋಡಿ. ಎರಡನೆಯ ದಿನ ಮಧ್ಯಾಹ್ನ ವಿಮಾನ ನಿಲ್ದಾಣಕ್ಕೆ ಹಿಂತಿರುಗಿ ಅಲ್ಲೇ ಕಾರು ಪಡೆದು ಗಾಲ್ವೇ ದಾರಿ ಹಿಡಿಯಿರಿ.

ಕಾರಿನ ಆಯ್ಕೆಯಲ್ಲಿ ಎಲ್ಲರೂ ಮಾಡುವ ತಪ್ಪು, ನಾಲ್ವರಿದ್ದೇವೆಂದು ದೊಡ್ಡ ಎಸ್‌ಯುವಿ ಕೇಳುವುದು. ಕಿರಿದಾದ ರಸ್ತೆಯಲ್ಲಿ ಅಗಲವೇ ಶತ್ರು. ಸಣ್ಣ ಹ್ಯಾಚ್‌ಬ್ಯಾಕ್ ಆದರೆ ನಾಲ್ಕು ಸೂಟ್‌ಕೇಸ್ ಹಿಡಿಸುವುದಿಲ್ಲ. ಎಸ್ಟೇಟ್ ಎಂದು ಕರೆಯುವ, ಹಿಂಭಾಗ ಉದ್ದವಾಗಿರುವ ಕಾರು ನಿಮಗೆ ಸರಿ. ತಲೆಗೊಂದು ಮಧ್ಯಮ ಗಾತ್ರದ ಪೆಟ್ಟಿಗೆ ಸಾಕು. ಡಿಕ್ಕಿ ಮುಚ್ಚಬೇಕು, ಸಾಮಾನು ಹೊರಗಿನಿಂದ ಕಾಣಬಾರದು. ಪ್ರವಾಸಿ ತಾಣಗಳ ಪಾರ್ಕಿಂಗ್‌ನಲ್ಲಿ ಗಾಜು ಒಡೆಯುವುದು ಕಣ್ಣಿಗೆ ಬಿದ್ದ ಬ್ಯಾಗಿಗಾಗಿಯೇ. ಅಲ್ಲಿ ಮಾಮೂಲಾಗಿ ಸಿಗುವುದು ಗೇರ್ ಕಾರು. ಆಟೋಮ್ಯಾಟಿಕ್ ಬೇಕಿದ್ದರೆ ಕೆಲವು ತಿಂಗಳು ಮೊದಲೇ ಬುಕ್ ಮಾಡಿ, ಬಾಡಿಗೆಯೂ ಹೆಚ್ಚು.

ಕಾಗದಪತ್ರ: ನಿಮ್ಮ ಮೂಲ ಲೈಸೆನ್ಸ್ ಜೊತೆಗೆ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಒಯ್ಯಿರಿ. ಬಾಡಿಗೆ ಕಂಪನಿಗಳು ಸಾಮಾನ್ಯವಾಗಿ ಎರಡನ್ನೂ ಕೇಳುತ್ತವೆ. 25 ವರ್ಷದೊಳಗಿನವರಿಗೆ ಹೆಚ್ಚುವರಿ ಶುಲ್ಕ ಅಥವಾ ನಿರಾಕರಣೆ ಇರುತ್ತದೆ. ಓಡಿಸುವ ಇಬ್ಬರ ಹೆಸರೂ ಒಪ್ಪಂದದಲ್ಲಿ ಇರಲೇಬೇಕು. ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ವಿಮೆ ಸಿಗುವುದಿಲ್ಲ. ಠೇವಣಿ ಹಣವನ್ನು ಕಾರ್ಡಿನಲ್ಲಿ ತಡೆಹಿಡಿಯಲು ಮುಖ್ಯ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಬೇಕು. ಡೆಬಿಟ್ ಕಾರ್ಡ್ ನಂಬಿಕೊಂಡು ಹೋದವರು ಕೌಂಟರಿನಲ್ಲೇ ಸಿಕ್ಕಿಕೊಳ್ಳುತ್ತಾರೆ.

ವಿಮೆಯ ವಿಷಯ ಸ್ವಲ್ಪ ನಿಧಾನವಾಗಿ ಓದಿ. ಬಾಡಿಗೆಯೊಳಗೆ ಸೇರಿರುವ ಮೂಲ ವಿಮೆಯಲ್ಲಿ ನೀವೇ ತೆರಬೇಕಾದ ಪಾಲು ಸಾವಿರ ಯೂರೊ ದಾಟಿರುವುದು ಮಾಮೂಲು. ಟೈರು, ಗಾಜು, ಕಾರಿನ ತಳಭಾಗ ಎಷ್ಟೋ ಸಲ ಅದರಲ್ಲಿ ಸೇರಿರುವುದೇ ಇಲ್ಲ. ಆದರೆ ಐರಿಶ್ ಹಳ್ಳಿರಸ್ತೆಯಲ್ಲಿ ಹಾಳಾಗುವುದು ಮುಖ್ಯವಾಗಿ ಎಡಗಡೆಯ ಟೈರು, ರಿಮ್ಮು ಮತ್ತು ಕನ್ನಡಿ. ಎದುರಿನ ವಾಹನಕ್ಕೆ ದಾರಿ ಬಿಡಲು ಎಡಕ್ಕೆ ಒತ್ತಿದಾಗ ಪೊದೆಯೊಳಗೆ ಅಡಗಿದ ಕಲ್ಲು ಟೈರಿನ ಪಕ್ಕವನ್ನು ಸೀಳುತ್ತದೆ. ಆದ್ದರಿಂದ ಟೈರು ಮತ್ತು ಗಾಜನ್ನು ಒಳಗೊಂಡ ರಕ್ಷಣೆ ಕೊಳ್ಳಿ. ಕಾರು ಪಡೆಯುವಾಗ ನಾಲ್ಕೂ ರಿಮ್ಮುಗಳ ಫೋಟೊ ತೆಗೆದಿಟ್ಟುಕೊಳ್ಳಿ.

ನಮ್ಮ ಹಾಗೆ ಅವರೂ ಎಡಗಡೆ ಓಡಿಸುತ್ತಾರೆ, ಸ್ಟೀರಿಂಗ್ ಬಲಕ್ಕಿದೆ. ಯುರೋಪಿನ ಬೇರೆ ದೇಶಗಳಿಗೆ ಹೋಲಿಸಿದರೆ ಇದು ದೊಡ್ಡ ಅನುಕೂಲ. ಆದರೆ ಅಭ್ಯಾಸಗಳು ಬೇರೆ. ಇಲ್ಲಿ ಎದುರಿನವನು ಹೆಡ್‌ಲೈಟ್ ಮಿಟುಕಿಸಿದರೆ "ನಾನು ಬರ್ತಿದ್ದೀನಿ, ನಿಲ್ಲು" ಎಂದರ್ಥ. ಅಲ್ಲಿ ಸಾಮಾನ್ಯವಾಗಿ "ನೀವು ಮೊದಲು ಹೋಗಿ" ಎಂದರ್ಥ. ಇಕ್ಕಟ್ಟಿನಲ್ಲಿ ನೀವು ಬೆಂಗಳೂರಿನ ಅರ್ಥದಲ್ಲಿ ಲೈಟ್ ಮಿಟುಕಿಸಿದರೆ ಅವರು ಮುಂದೆ ಬಂದೇ ಬಿಡುತ್ತಾರೆ. ವೃತ್ತದಲ್ಲಿ ಬಲದಿಂದ ಬರುವವರಿಗೆ ದಾರಿ ಬಿಟ್ಟೇ ನುಗ್ಗಬೇಕು, ಜೀಬ್ರಾ ಪಟ್ಟೆಯ ಬಳಿ ಪಾದಚಾರಿ ಕಾಣಿಸಿದರೆ ನಿಲ್ಲಲೇಬೇಕು. ಮೋಟರ್‌ವೇಯಲ್ಲಿ ಮಿತಿ 120 ಕಿ.ಮೀ. ಹಳ್ಳಿಯ ಸ್ಥಳೀಯ ರಸ್ತೆಗಳಲ್ಲಿ 80 ಇದ್ದದ್ದು 2025ರ ಫೆಬ್ರವರಿಯಿಂದ 60ಕ್ಕೆ ಇಳಿದಿದೆ. ಬಂಕಿನಲ್ಲಿ ನೀವೇ ತುಂಬಿಕೊಳ್ಳಬೇಕು: ಹಸಿರು ಹಿಡಿಕೆ ಪೆಟ್ರೋಲ್, ಕಪ್ಪು ಹಿಡಿಕೆ ಡೀಸೆಲ್.

ಡಬ್ಲಿನ್ ಸುತ್ತಲಿನ ಎಂ50 ರಸ್ತೆಯ ಟೋಲ್‌ಗೆ ಗೇಟಿಲ್ಲ, ಕ್ಯಾಮೆರಾ ನಂಬರ್ ಹಿಡಿಯುತ್ತದೆ. ಮರುದಿನ ರಾತ್ರಿ 8 ಗಂಟೆಯೊಳಗೆ ಹಣ ಕಟ್ಟದಿದ್ದರೆ ದಂಡ. ಕಂಪನಿಯೇ ಕಟ್ಟುತ್ತದೋ ನೀವು ಆನ್‌ಲೈನ್‌ನಲ್ಲಿ ಕಟ್ಟಬೇಕೋ ಎಂದು ಕೌಂಟರಿನಲ್ಲೇ ಕೇಳಿ. ಗಾಲ್ವೇ, ಕಾರ್ಕ್ ದಾರಿಯ ಟೋಲ್‌ಗಳಲ್ಲಿ ಬೂತ್ ಇದೆ.

ಗಾಲ್ವೇಯಲ್ಲಿ ಎರಡು ರಾತ್ರಿ ಹೇಳಿದ್ದು ಹವಾಮಾನಕ್ಕಾಗಿ. ಕ್ಲಿಫ್ಸ್ ಆಫ್ ಮೋಹರ್‌ನ ಅತಿ ಎತ್ತರದ ಜಾಗ ಸಮುದ್ರದಿಂದ 214 ಮೀಟರ್. ಅಟ್ಲಾಂಟಿಕ್‌ನಿಂದ ಮಂಜು ಏರಿದರೆ ಆ 214 ಮೀಟರಿನಲ್ಲಿ ಒಂದೂ ಕಾಣುವುದಿಲ್ಲ. ಮೂರನೆಯ ದಿನ ಆಕಾಶ ತಿಳಿಯಾಗಿದ್ದರೆ ಅಂದೇ ಮೋಹರ್‌ಗೆ ಹೋಗಿ ಬನ್ನಿ. ಇಲ್ಲದಿದ್ದರೆ ಅಂದು ಕಾನೆಮಾರಾ ಕಡೆ ಕ್ಲಿಫ್ಡನ್‌ವರೆಗೆ ಹೋಗಿ, ಮೋಹರನ್ನು ನಾಲ್ಕನೆಯ ದಿನಕ್ಕೆ ಇಟ್ಟುಕೊಳ್ಳಿ. ಕಾನೆಮಾರಾದ ಜೌಗುನೆಲ, ಕೆರೆಗಳು ಮೋಡದಲ್ಲೂ ಚೆನ್ನ. ಮೋಹರ್‌ಗೆ ನೇರ ದಾರಿ ಬಿಟ್ಟು ಬ್ಯಾಲಿವಾನ್‌ನಿಂದ ಬ್ಲ್ಯಾಕ್ ಹೆಡ್ ಸುತ್ತುವ ಆರ್477 ಹಿಡಿಯಿರಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಬರೆನ್‌ನ ಬೂದು ಸುಣ್ಣಕಲ್ಲಿನ ಬಯಲು. ಟಿಕೆಟ್ ತಲೆಗೊಂದು, ಪಾರ್ಕಿಂಗ್ ಅದರಲ್ಲೇ ಸೇರಿದೆ. ಅಂಚಿನ ಕಾಲುದಾರಿಯ ಕೆಲವು ಭಾಗಗಳನ್ನು ಸುರಕ್ಷತೆಗಾಗಿ ಮುಚ್ಚುವುದುಂಟು. ಬೇಲಿ ದಾಟಿ ಫೋಟೊಗೆ ನಿಲ್ಲಬೇಡಿ. ಅಲ್ಲಿ ಪ್ರಾಣ ಹೋಗಿವೆ.

ಮೋಹರ್‌ನಿಂದ ದಕ್ಷಿಣಕ್ಕೆ ಹೋಗುವಾಗ ಕಿಲ್ಲಿಮರ್‌ನಲ್ಲಿ ಕಾರನ್ನು ದೋಣಿಗೆ ಏರಿಸಿ ಶ್ಯಾನನ್ ನದಿ ದಾಟಿ. ಟಾರ್ಬರ್ಟ್ ದಡಕ್ಕೆ 20 ನಿಮಿಷ. ಲಿಮರಿಕ್ ಸುತ್ತುವ 137 ಕಿ.ಮೀ. ಉಳಿಯುತ್ತದೆ. ಅಲ್ಲಿಂದ ಕಿಲಾರ್ನಿ ಒಂದು ಗಂಟೆ ಚಿಲ್ಲರೆ.

ಐದನೆಯ ದಿನಕ್ಕೆ 179 ಕಿ.ಮೀ.ಗಳ ರಿಂಗ್ ಆಫ್ ಕೆರಿ ಹೆಸರುವಾಸಿ. ಒಂದೇ ದಿನವಿದ್ದರೆ ನಮ್ಮ ಮತ ಡಿಂಗಲ್‌ನ ಸ್ಲೇ ಹೆಡ್‌ಗೆ. ಅದನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ಸುತ್ತಿ: ಕಡಲು ನಿಮ್ಮ ಎಡಕ್ಕಿರುತ್ತದೆ, ಬಸ್ಸುಗಳೂ ಅದೇ ದಿಕ್ಕಿನಲ್ಲಿ ಹೋಗುವುದರಿಂದ ಮುಖಾಮುಖಿ ಆಗುವುದು ಕಡಿಮೆ. ಕಾನರ್ ಪಾಸ್ ಘಟ್ಟದಲ್ಲಿ 2 ಟನ್ನಿಗೆ ಮೇಲ್ಪಟ್ಟ ವಾಹನಕ್ಕೆ ಪ್ರವೇಶವಿಲ್ಲ, ಮಂಜಿದ್ದರೆ ಹಗುರ ಕಾರಿನಲ್ಲೂ ಬೇಡ.

ಆರನೆಯ ದಿನ ಕಿಲಾರ್ನಿಯಿಂದ ಕಾರ್ಕ್‌ಗೆ ನೇರ ಹೋದರೆ ಸುಮಾರು 90 ಕಿ.ಮೀ. ನೇರ ಹೋಗಬೇಡಿ. ಎನ್71 ಹಿಡಿದು ಲೇಡೀಸ್ ವ್ಯೂ, ಕೆನ್‌ಮೇರ್, ಗ್ಲೆಂಗ್ಯಾರಿಫ್, ಬ್ಯಾಂಟ್ರಿ, ಡರಸ್ ಮೂಲಕ ಅಹಾಕಿಸ್ಟಾ ಎಂಬ ಸಣ್ಣ ಊರಿಗೆ ಹೋಗಿ. 1985ರ ಜೂನ್ 23ರಂದು ಏರ್ ಇಂಡಿಯಾದ 182ನೆಯ ವಿಮಾನ, "ಕನಿಷ್ಕ", ಈ ಕರಾವಳಿಯಾಚೆ ಆಕಾಶದಲ್ಲೇ ಬಾಂಬಿಗೆ ಸಿಡಿದು 329 ಜನ ತೀರಿಕೊಂಡರು. ಅವರ ನೆನಪಿಗೆ ಕಡಲ ದಂಡೆಯಲ್ಲಿ ಸೂರ್ಯಗಡಿಯಾರದ ಸ್ಮಾರಕವಿದೆ, ಪ್ರತಿ ವರ್ಷ ಅದೇ ದಿನ ಅಲ್ಲಿ ಜನ ಸೇರುತ್ತಾರೆ. ನೀವು ಜೂನ್‌ನಲ್ಲೇ ಇರುವುದರಿಂದ ದಿನಾಂಕ ಹೊಂದಿದರೆ ಹೊಂದಿಸಿಕೊಳ್ಳಿ. ಭಾರತದಿಂದ ಹೋದವರು ಈ ತಿರುವನ್ನು ಬಿಟ್ಟು ಬರಬಾರದು. ಒಟ್ಟು ಚಾಲನೆ ನಾಲ್ಕು ಗಂಟೆ ದಾಟುತ್ತದೆ, ಅಂದು ಬೇರೇನೂ ಇಟ್ಟುಕೊಳ್ಳಬೇಡಿ. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ 10ರ ಹೊತ್ತಿಗೆ, ಬೆಳಕಿನ ಚಿಂತೆಯಿಲ್ಲ. ಊಟದ ಚಿಂತೆ ಮಾಡಿ: ಸಣ್ಣ ಊರುಗಳಲ್ಲಿ ಅಡುಗೆಮನೆ 9ಕ್ಕೆಲ್ಲ ಮುಚ್ಚುತ್ತದೆ. ಸಸ್ಯಾಹಾರಿಗಳು ತರಕಾರಿ ಸೂಪನ್ನೂ ಕೋಳಿ ಸಾರಿನಲ್ಲಿ ಮಾಡಿಲ್ಲವೇ ಎಂದು ಕೇಳಿಯೇ ತರಿಸಿಕೊಳ್ಳಿ.

ಕಾರ್ಕ್‌ನಲ್ಲಿ 1788ರಿಂದ ನಡೆಯುತ್ತಿರುವ ಇಂಗ್ಲಿಷ್ ಮಾರ್ಕೆಟ್ ನೋಡಿ (ಭಾನುವಾರ ರಜೆ), ಡಬ್ಲಿನ್ ದಾರಿಯಲ್ಲಿ ಕ್ಯಾಶೆಲ್ ಬಂಡೆಯ ಮೇಲಿನ ಹಳೆಯ ಕಟ್ಟಡಗಳಿಗೆ ಒಂದೂವರೆ ಗಂಟೆ ಕೊಡಿ.

ಇನ್ನು ಬೆಲ್‌ಫಾಸ್ಟ್. ಅದು ಉತ್ತರ ಐರ್ಲೆಂಡ್, ಅಂದರೆ ಬ್ರಿಟನ್ನಿನ ಭಾಗ. ಗಡಿಯಲ್ಲಿ ತಪಾಸಣೆ ಕಾಣದ ಕಾರಣ ಐರಿಶ್ ವೀಸಾ ಒಂದರಲ್ಲೇ ದಾಟುವವರಿದ್ದಾರೆ, ಅದು ಕಾನೂನುಬಾಹಿರ. ಭಾರತೀಯರಿಗೆ ಬ್ರಿಟಿಷ್-ಐರಿಶ್ ವೀಸಾ ಯೋಜನೆಯಿದೆ: ವೀಸಾ ಮೇಲೆ "ಬಿಐವಿಎಸ್" ಎಂಬ ಮುದ್ರೆಯಿದ್ದರೆ ಎರಡೂ ಕಡೆ ಹೋಗಬಹುದು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಿಗುವ ಷೆಂಗೆನ್ ವೀಸಾ ಐರ್ಲೆಂಡಿಗೂ ನಡೆಯುವುದಿಲ್ಲ, ಬೆಲ್‌ಫಾಸ್ಟ್‌ಗೂ ನಡೆಯುವುದಿಲ್ಲ. ಮುದ್ರೆ ಇದ್ದು ಎಂಟನೆಯ ದಿನವೂ ಸಿಕ್ಕರೆ ಕಾರು ಒಪ್ಪಿಸಿ ಡಬ್ಲಿನ್‌ನಿಂದ ರೈಲಿನಲ್ಲಿ ಹೋಗಿ, ಸುಮಾರು ಎರಡು ಗಂಟೆಯ ದಾರಿ. ಕಾರಲ್ಲೇ ಹೋಗುವುದಾದರೆ ಕಂಪನಿಗೆ ಮೊದಲೇ ತಿಳಿಸಿ ಗಡಿ ದಾಟುವ ಅನುಮತಿ ಪಡೆಯಿರಿ. ಅಲ್ಲಿ ವೇಗದ ಫಲಕಗಳು ಮೈಲಿಯಲ್ಲಿರುತ್ತವೆ: 30 ಎಂದರೆ 48 ಕಿ.ಮೀ., 60 ಎಂದರೆ ಸುಮಾರು 97.