ಪದ ಪರಿಚಯ: ಜಾಕೊಬಿ ಟೂ ನೋಟ್ರಂಪ್

ಬ್ರಿಜ್ ಆಟದಲ್ಲಿ ಪಾರ್ಟ್ನರ್ ಒಂದು ಆಟೀನು ಅಥವಾ ಒಂದು ಇಸ್ಪೇಟು ಎಂದು ಓಪನ್ ಮಾಡಿ (ಹರಾಜಿನ ಮೊದಲ ಬಿಡ್ ಹೇಳಿ), ನಡುವಿನ ಎದುರಾಳಿ ಪಾಸ್ ಹೇಳಿದ ಮೇಲೆ ನೀವು ನೇರವಾಗಿ 2 ನೋಟ್ರಂಪ್ (ತುರುಫಿಲ್ಲದ ಆಟ) ಹೇಳಿದರೆ, ಅದು ಜಾಕೊಬಿ. ಅಮೆರಿಕದ ಆಟಗಾರ ಆಸ್ವಾಲ್ಡ್ ಜಾಕೊಬಿ (1902–1984) ಅವರ ಹೆಸರು ಇದಕ್ಕೆ ಬಂದಿದೆ. ನೋಟ್ರಂಪ್‌ನಲ್ಲಿ ಆಡುವ ಇರಾದೆಗೂ ಈ ಬಿಡ್‌ಗೂ ಸಂಬಂಧವಿಲ್ಲ. ಪಾರ್ಟ್ನರ್‌ಗೆ ಅದು ಹೇಳುವುದು ಹೀಗೆ: ನಿಮ್ಮ ಸೂಟಿನಲ್ಲಿ ನನಗೆ ಕಡಿಮೆಯೆಂದರೂ ನಾಲ್ಕು ಎಲೆ ಇದೆ, ಪಾಯಿಂಟು 13ಕ್ಕೆ ಕಮ್ಮಿಯಿಲ್ಲ, ಗೇಮ್ (ಬೋನಸ್ ಸಿಗುವ ಮಟ್ಟ) ಮುಟ್ಟುವವರೆಗೆ ಇಬ್ಬರೂ ಪಾಸ್ ಹೇಳುವ ಹಾಗಿಲ್ಲ. ಈಗ ನಿಮ್ಮ ಕೈಯಲ್ಲಿ ಯಾವ ಸೂಟು ಖಾಲಿ ಅಥವಾ ಒಂಟಿ ಎಲೆ, ಅದನ್ನು ಹೇಳಿ. ಬಿಡ್‌ನ ಅರ್ಥ ಇಷ್ಟೇ.

ತುಮಕೂರು, ಕೋಲಾರದ ಕಡೆ ಇಪ್ಪತ್ತೆಂಟು ಎಂಬ ಎಲೆಯಾಟ ಆಡಿ ಬ್ರಿಜ್‌ಗೆ ಬರುವವರು ಮೊದಲು ಲೆಕ್ಕ ಬದಲಿಸಿಕೊಳ್ಳಬೇಕು. ಅಲ್ಲಿ ಗುಲಾಮನೇ ದೊಡ್ಡವನು, ಅವನಿಗೆ 3. ಇಲ್ಲಿ ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ ಬರೀ 1. ಮೇಜರ್ ಸೂಟಿನ (ಇಸ್ಪೇಟು ಅಥವಾ ಆಟೀನು) ಗೇಮ್‌ಗೆ 10 ಟ್ರಿಕ್ (ಗೆದ್ದ ಸುತ್ತು) ಬೇಕು, ಇಬ್ಬರದೂ ಸೇರಿ 25–26 ಪಾಯಿಂಟಿದ್ದರೆ ಸಾಮಾನ್ಯವಾಗಿ ಸಾಕು. 12 ಟ್ರಿಕ್‌ನ ಸ್ಲ್ಯಾಮ್‌ಗೆ 33 ಬೇಕೆನ್ನುವುದು ರೂಢಿಯ ಮಾತು. ಆದರೆ ತುರುಫು ಚೆನ್ನಾಗಿ ಕೂಡಿ, ಒಂದು ಸೂಟು ಒಂಟಿಯಾಗಿದ್ದರೆ 27ರಲ್ಲೂ ಸ್ಲ್ಯಾಮ್ ಕೈಗೆ ಬರುತ್ತದೆ. ಜಾಕೊಬಿ ಇರುವುದೇ ಅಂಥ ಕೈಗಳನ್ನು ಹುಡುಕುವುದಕ್ಕೆ.

ಓಪನರ್ ಹೀಗೆ ಉತ್ತರಿಸಬೇಕು. ಮೂರರ ಮಟ್ಟದಲ್ಲಿ ಹೊಸ ಸೂಟು ಹೇಳಿದರೆ ಅದು ಒಂಟಿ ಅಥವಾ ಖಾಲಿ. ನಾಲ್ಕರ ಮಟ್ಟದಲ್ಲಿ ಹೊಸ ಸೂಟು ಹೇಳಿದರೆ ಅಲ್ಲಿ ಐದು ಒಳ್ಳೆಯ ಎಲೆಗಳಿವೆ. ಇವೆರಡೂ ಇಲ್ಲದಿದ್ದರೆ ಪಾಯಿಂಟಿನ ಮೇಲೆ ಹೋಗಬೇಕು: 12–14 ಇದ್ದರೆ ನೇರ ನಾಲ್ಕು ಮೇಜರ್, 15–17 ಇದ್ದರೆ 3 ನೋಟ್ರಂಪ್, 18 ಅಥವಾ ಮೇಲಿದ್ದರೆ ಮೂರು ಮೇಜರ್. ಬಲವಾದ ಕೈಗೆ ಕೆಳಗಿನ ಬಿಡ್ ಯಾಕೆಂದರೆ, ಸ್ಲ್ಯಾಮ್ ಮಾತಾಡಲು ಜಾಗ ಬೇಕಾಗುವುದು ಅದಕ್ಕೇ. ಒಂಟಿ ಎಲೆ ಎಕ್ಕವೋ ರಾಜನೋ ಆಗಿದ್ದರೆ ತೋರಿಸಬೇಕೇ ಎಂಬುದನ್ನು ಜೋಡಿಗಳು ಮೊದಲೇ ಮಾತಾಡಿಕೊಂಡಿರುವುದು ಒಳ್ಳೆಯದು.

ಒಂದು ಕೈ ಬಿಡಿಸಿ ನೋಡೋಣ. ಓಪನರ್ ಹತ್ತಿರ ಇಸ್ಪೇಟು ಎಕ್ಕ, ರಾಣಿ, 9, 7, 4. ಆಟೀನು ರಾಜ, 8, 3. ಡೈಮಂಡ್ 5 ಒಂದೇ. ಕಳಾವರು ರಾಜ, ಗುಲಾಮ, 6, 2. ಒಟ್ಟು 13. ನಿಮ್ಮ ಹತ್ತಿರ ಇಸ್ಪೇಟು ರಾಜ, ಗುಲಾಮ, 8, 3. ಆಟೀನು ಎಕ್ಕ, 7. ಡೈಮಂಡ್ 8, 6, 4, 2. ಕಳಾವರು ಎಕ್ಕ, ರಾಣಿ, 5. ಒಟ್ಟು 14. ಅವರು ಒಂದು ಇಸ್ಪೇಟು, ನೀವು 2 ನೋಟ್ರಂಪ್, ಅವರು ಮೂರು ಡೈಮಂಡ್. ನಿಮ್ಮ ನಾಲ್ಕು ಬಡಕಲು ಡೈಮಂಡಿನಲ್ಲಿ ಹೋಗುವುದು ಒಂದೇ ಟ್ರಿಕ್ ಎಂದು ಈಗ ಗೊತ್ತಾಯಿತು. ನೀವು ನಾಲ್ಕು ಕಳಾವರು ಎಂದು ಎಕ್ಕ ತೋರಿಸುತ್ತೀರಿ, ಅವರು ನಾಲ್ಕು ಆಟೀನು ಎಂದು ರಾಜನನ್ನು ತೋರಿಸುತ್ತಾರೆ. ಎಕ್ಕಗಳನ್ನು ಎಣಿಸಲು 4 ನೋಟ್ರಂಪ್ ಕೇಳಿದರೆ ಐದು ಡೈಮಂಡ್ ಬರುತ್ತದೆ, ಸಾದಾ ಬ್ಲ್ಯಾಕ್‌ವುಡ್‌ನಲ್ಲಿ ಒಂದು ಎಕ್ಕ. ಆರು ಇಸ್ಪೇಟು ಹೇಳಿ. ತುರುಫಿನಲ್ಲಿ 5, ಕಳಾವರಿನಲ್ಲಿ 4, ಆಟೀನಿನಲ್ಲಿ 2, ಮೂರನೇ ಆಟೀನನ್ನು ಡಮ್ಮಿಯಲ್ಲಿ (ಮೇಜಿನ ಮೇಲೆ ಬಿಡಿಸಿಟ್ಟ ನಿಮ್ಮ ಕೈಯಲ್ಲಿ) ತುರುಫು ಹಾಕಿ ಹೊಡೆದರೆ 1, ಹನ್ನೆರಡು.

ಈಗ ನಿಮ್ಮ 14 ಪಾಯಿಂಟನ್ನೇ ಬೇರೆ ಕಡೆ ಇಡಿ: ಇಸ್ಪೇಟು, ಆಟೀನು ಹಾಗೇ ಇರಲಿ, ಡೈಮಂಡ್ ರಾಜ, ರಾಣಿ, ಗುಲಾಮ, 4, ಕಳಾವರು 9, 7, 5. ಮೂರು ಡೈಮಂಡ್ ಕೇಳಿದೊಡನೆ ನಾಲ್ಕು ಇಸ್ಪೇಟಿಗೆ ನಿಲ್ಲಬೇಕು. ಪಾರ್ಟ್ನರ್‌ನ ಒಂಟಿ ಎಲೆಯ ಎದುರು ಆರು ಪಾಯಿಂಟು ವ್ಯರ್ಥವಾಗಿ ಕೂತಿವೆ, ಡೈಮಂಡ್ ಮತ್ತು ಕಳಾವರು ಎಕ್ಕ ಎರಡೂ ಎದುರಾಳಿಯ ಕೈಯಲ್ಲಿವೆ. ಪಾಯಿಂಟು ಅಷ್ಟೇ, ಆದರೆ ಅಲ್ಲಿ ಸ್ಲ್ಯಾಮ್ ಇದೆ, ಇಲ್ಲಿ ಇಲ್ಲ.

ಹೆಚ್ಚು ಜನ ಎಡವುವುದು ಸಪೋರ್ಟಿನಲ್ಲಿ. ಮೂರು ಎಲೆ ಇಟ್ಟುಕೊಂಡು ಜಾಕೊಬಿ ಹೇಳಬಾರದು. ಹಾಗೆ ಹೇಳಿದರೆ ಎದುರಾಳಿಗಳ ತುರುಫು 3–2 ಹಂಚಿಕೊಂಡಿದ್ದರೂ ಮೂರು ಸುತ್ತು ತುರುಫು ಎಳೆಯುವಷ್ಟರಲ್ಲಿ ಡಮ್ಮಿಯ ತುರುಫು ಮುಗಿದುಹೋಗುತ್ತದೆ, ಮೇಲಿನ ಹನ್ನೆರಡನೇ ಟ್ರಿಕ್ ಎಲ್ಲಿಂದ ಬರಬೇಕು? ಮೂರೇ ಎಲೆಯಿದ್ದರೆ ಎರಡರ ಮಟ್ಟದಲ್ಲಿ ಹೊಸ ಸೂಟು ಹೇಳಿ, ಮುಂದಿನ ಸರದಿಯಲ್ಲಿ ಸಪೋರ್ಟ್ ಕೊಡಿ. ಒಂಟಿ ಎಲೆ ನಿಮ್ಮ ಕೈಯಲ್ಲೇ ಇದ್ದು ಪಾಯಿಂಟು 11–14ರ ಆಸುಪಾಸಿನಲ್ಲಿದ್ದರೆ ಸ್ಪ್ಲಿಂಟರ್ ಇದೆ: ಒಂದು ಇಸ್ಪೇಟಿಗೆ ನಾಲ್ಕು ಕಳಾವರು ಎಂದರೆ ಕಳಾವರು ನಿಮ್ಮಲ್ಲಿ ಒಂಟಿ ಅಥವಾ ಖಾಲಿ. ನಾಲ್ಕು ತುರುಫಿನ ಜೊತೆ 10–12 ಮಾತ್ರ ಇದ್ದರೆ ಮೂರು ಇಸ್ಪೇಟಿನ ಲಿಮಿಟ್ ರೈಸ್ (ಗೇಮ್‌ಗೆ ಆಹ್ವಾನ) ಸಾಕು.

ಮೊದಲೇ ಪಾಸ್ ಹೇಳಿದವರ 2 ನೋಟ್ರಂಪ್ ಜಾಕೊಬಿಯಾಗಲಾರದು, 13 ಇದ್ದಿದ್ದರೆ ಅವರೇ ಓಪನ್ ಮಾಡುತ್ತಿದ್ದರು. ಎದುರಾಳಿ ನಡುವೆ ಟೇಕೌಟ್ ಡಬಲ್ (ತನ್ನ ಪಾರ್ಟ್ನರ್‌ಗೆ ಬೇರೆ ಸೂಟು ಹೇಳೆಂದು ಕೇಳುವ ಡಬಲ್) ಹೇಳಿದರೂ ಅರ್ಥ ಬದಲಾಗುತ್ತದೆ. ಆಗ ಹೆಚ್ಚಿನ ಜೋಡಿಗಳಿಗೆ 2 ನೋಟ್ರಂಪ್ ಎಂದರೆ ನಾಲ್ಕು ತುರುಫು, 10 ಪಾಯಿಂಟು ಅಥವಾ ಮೇಲೆ. ಇದನ್ನು ಟ್ರಸ್ಕಾಟ್ ಅಥವಾ ಜೋರ್ಡನ್ ಎನ್ನುತ್ತಾರೆ.

ಬೆಂಗಳೂರಿನ ಟೂರ್ನಮೆಂಟಿಗೆ ಹೊರಟ ಜೋಡಿ ಇಷ್ಟನ್ನೂ ರೈಲಿನಲ್ಲೇ ಮಾತಾಡಿ ಮುಗಿಸಬಹುದು. ಒಬ್ಬರು ಜಾಕೊಬಿ ಎಂದುಕೊಂಡು, ಇನ್ನೊಬ್ಬರು 11–12ರ ಸಾದಾ ನೋಟ್ರಂಪ್ ಎಂದು ತಿಳಿದು ಪಾಸ್ ಹೇಳಿದರೆ ಒಂಬತ್ತು ತುರುಫು ಇಟ್ಟುಕೊಂಡು 2 ನೋಟ್ರಂಪ್ ಆಡಬೇಕಾಗುತ್ತದೆ. ಮೇಜಿನಲ್ಲಿ ಇದಕ್ಕೆ ಅಲರ್ಟ್ (ಬಿಡ್‌ಗೆ ವಿಶೇಷ ಅರ್ಥವಿದೆ ಎಂದು ಎದುರಾಳಿಗಳಿಗೆ ಸೂಚನೆ) ಕೊಡಬೇಕಾದವರು ಬಿಡ್ ಹೇಳಿದವರಲ್ಲ, ಅವರ ಪಾರ್ಟ್ನರ್. ಮೂರು ಡೈಮಂಡ್ ಉತ್ತರಕ್ಕೂ ಅದೇ ನಿಯಮ. ಆನ್‌ಲೈನ್‌ನಲ್ಲಿ ಮಾತ್ರ ಬಿಡ್ ಹೇಳುವವರೇ ತಮ್ಮ ಬಿಡ್‌ಗೆ ಅಲರ್ಟ್ ಹಾಕಿ ಅರ್ಥ ಬರೆಯಬೇಕು.