ಎಎಫ್‌ಎಸ್ ಲಿನಕ್ಸ್‌ಗೆ ಬಂದ ದಾರಿ

ಕ್ಯಾಂಪಸ್ಸಿನ ಯಾವ ಕಂಪ್ಯೂಟರಿನ ಮುಂದೆ ಕೂತರೂ ನಿಮ್ಮ ಫೈಲ್‌ಗಳು ಅದೇ ಹೆಸರಿನಲ್ಲಿ, ಅದೇ ಜಾಗದಲ್ಲಿ ಸಿಗಬೇಕು. ಕಂಪ್ಯೂಟರುಗಳು ಐದು ಸಾವಿರವಾದರೂ ವ್ಯವಸ್ಥೆ ಕುಸಿಯಬಾರದು. 1980ರ ದಶಕದ ಮೊದಲ ವರ್ಷಗಳಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಐಬಿಎಂ ಜತೆ ಸೇರಿ ಹಾಕಿಕೊಂಡ ಗುರಿ ಇದು. ಅದರಿಂದ ಹುಟ್ಟಿದ್ದೇ ಆಂಡ್ರ್ಯೂ ಫೈಲ್ ಸಿಸ್ಟಮ್, ಚಿಕ್ಕದಾಗಿ ಎಎಫ್‌ಎಸ್. ಐಐಟಿ ಮದ್ರಾಸಿನಲ್ಲಿ ಓದಿ ಅಲ್ಲಿಗೆ ಹೋಗಿದ್ದ ಮಹಾದೇವ ಸತ್ಯನಾರಾಯಣನ್ ಅದರ ಮುಖ್ಯ ವಿನ್ಯಾಸಕಾರರಲ್ಲೊಬ್ಬರು.

ಇದರ ಜೀವಾಳ ಕ್ಯಾಶ್. ಸರ್ವರಿನಿಂದ ತಂದ ಫೈಲನ್ನು ಕ್ಲೈಂಟ್, ಅಂದರೆ ನಿಮ್ಮ ಮುಂದಿರುವ ಕಂಪ್ಯೂಟರ್, ತನ್ನ ಡಿಸ್ಕಿನಲ್ಲೇ ಇಟ್ಟುಕೊಳ್ಳುತ್ತದೆ. ಮೊದಲ ಆವೃತ್ತಿಯಲ್ಲಿ ಫೈಲ್ ತೆರೆದಾಗಲೆಲ್ಲ "ನನ್ನ ಪ್ರತಿ ಇನ್ನೂ ಸರಿ ಇದೆಯೇ" ಎಂದು ಕ್ಲೈಂಟು ಸರ್ವರನ್ನು ಕೇಳುತ್ತಿತ್ತು. ಆ ಪ್ರಶ್ನೆಗಳ ಭಾರಕ್ಕೇ ಒಂದು ಸರ್ವರ್ ಸುಮಾರು 20 ಕ್ಲೈಂಟ್‌ಗಳಿಗೆ ಸುಸ್ತಾಗುತ್ತಿತ್ತು. ಎರಡನೇ ಆವೃತ್ತಿಯಲ್ಲಿ ಜವಾಬ್ದಾರಿ ತಿರುವುಮುರುವಾಯಿತು. ಫೈಲ್ ಬದಲಾದರೆ ತಾನೇ ತಿಳಿಸುವುದಾಗಿ ಸರ್ವರ್ ಮಾತು ಕೊಡುತ್ತದೆ, ಅದಕ್ಕೆ ಕಾಲ್‌ಬ್ಯಾಕ್ ಎನ್ನುತ್ತಾರೆ. ಅಲ್ಲಿಯವರೆಗೆ ಕ್ಲೈಂಟ್ ಕೇಳುವ ಗೋಜಿಗೆ ಹೋಗುವುದಿಲ್ಲ. ಒಂದು ಸರ್ವರ್ 50 ಕ್ಲೈಂಟ್‌ಗಳನ್ನು ನಿಭಾಯಿಸತೊಡಗಿತು. ಬರೆದದ್ದು ಸರ್ವರಿಗೆ ಹೋಗುವುದು ಫೈಲ್ ಮುಚ್ಚಿದಾಗ. ಹಾಗಾಗಿ ಕೋಟಾ (ಪಾಲಿಗೆ ಬಂದ ಡಿಸ್ಕ್ ಜಾಗ) ಮೀರಿದ ಸುದ್ದಿ ಬರೆಯುವಾಗ ಬಾರದೆ ಮುಚ್ಚುವಾಗ ಬರಬಹುದು. ಫೈಲ್ ಮುಚ್ಚುವ ಕರೆಯ ಉತ್ತರವನ್ನು ನೋಡದ ಪ್ರೋಗ್ರಾಮುಗಳು ಇಲ್ಲಿ ಸದ್ದಿಲ್ಲದೆ ದತ್ತಾಂಶ ಕಳೆದುಕೊಳ್ಳುತ್ತವೆ.

1989ರಲ್ಲಿ ಟ್ರಾನ್ಸಾರ್ಕ್ ಎಂಬ ಕಂಪನಿ ಹುಟ್ಟಿ ಎಎಫ್‌ಎಸ್ ಮಾರಾಟದ ಸರಕಾಯಿತು. 1994ರಲ್ಲಿ ಐಬಿಎಂ ಆ ಕಂಪನಿಯನ್ನೇ ಕೊಂಡಿತು. ಸನ್ಓಎಸ್, ಎಐಎಕ್ಸ್, ಅಲ್ಟ್ರಿಕ್ಸ್, ಎಚ್‌ಪಿ-ಯುಎಕ್ಸ್ ಎಂಬ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ ಎಎಫ್‌ಎಸ್ ಓಡುತ್ತಿತ್ತು, ಲಿನಕ್ಸ್‌ನಲ್ಲಿ ಇರಲಿಲ್ಲ. ವಿದ್ಯಾರ್ಥಿಗಳ ಮೇಜಿಗೆ ಲಿನಕ್ಸ್ ಬಂದಾಗಿತ್ತು, ಅವರ ಫೈಲ್‌ಗಳೆಲ್ಲ ಎಎಫ್‌ಎಸ್‌ನಲ್ಲಿದ್ದವು. ಮೂಲ ಕೋಡ್ ನೋಡುವ ಪರವಾನಗಿ ಇದ್ದ ಎಂಐಟಿಯಲ್ಲಿ 1990ರ ದಶಕದ ಮಧ್ಯದಲ್ಲಿ ಕ್ಲೈಂಟನ್ನು ಲಿನಕ್ಸ್‌ಗೆ ತಂದರು. ಹೊರಗಿನವರಿಗೆ ಸಿಕ್ಕಿದ್ದು ಕಂಪೈಲ್ ಆದ ಮಾಡ್ಯೂಲ್, ಅಂದರೆ ಲಿನಕ್ಸ್‌ನ ತಿರುಳಾದ ಕರ್ನಲ್ಲಿಗೆ ಜೋಡಿಸುವ, ಮೂಲ ಕೋಡ್ ಕಾಣದ ತುಣುಕು ಮಾತ್ರ.

ತನ್ನಿಂದ ಹುಟ್ಟಿದ ಕೃತಿಗಳ ಕೋಡೂ ತೆರೆದಿರಬೇಕೆನ್ನುವ ಜಿಪಿಎಲ್ ಪರವಾನಗಿಯ ಕರ್ನಲ್ಲಿಗೆ ಮುಚ್ಚಿದ ಮಾಡ್ಯೂಲ್ ಜೋಡಿಸಬಹುದೇ ಎಂಬ ಪ್ರಶ್ನೆ ಎದ್ದದ್ದು ಇಂಥಲ್ಲೇ. ಎಎಫ್‌ಎಸ್ ಲಿನಕ್ಸ್‌ಗಾಗಿ ಬರೆದದ್ದಲ್ಲ, ಬೇರೆ ಯುನಿಕ್ಸ್‌ಗಳಲ್ಲಿ ಮೊದಲೇ ಬಾಳಿದ್ದು. ಅದನ್ನು ಲಿನಕ್ಸ್‌ನಿಂದ ಹುಟ್ಟಿದ ಕೃತಿ ಎನ್ನಬಹುದೇ ಎಂಬ ತೀರ್ಪು ಕೊಡಲು ತನ್ನಿಂದಾಗದು ಎಂದು ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ 2003ರಲ್ಲಿ ವಿವರಿಸಿದ್ದಾರೆ. ಕರ್ನಲ್ಲಿನ ಕೆಲವು ಫಂಕ್ಷನ್‌ಗಳು ಜಿಪಿಎಲ್ ಮಾಡ್ಯೂಲ್‌ಗಳಿಗೆ ಮಾತ್ರ, ಉಳಿದವು ಎಲ್ಲರಿಗೂ ಎಂಬ ವಿಂಗಡಣೆ ಇಂದಿಗೂ ಇದೆ. 2000ದಲ್ಲಿ ಐಬಿಎಂ ಮೂಲ ಕೋಡನ್ನು ಬಿಡುಗಡೆ ಮಾಡಿ ಓಪನ್‌ಎಎಫ್‌ಎಸ್ ಹುಟ್ಟಿದ ಮೇಲೂ ಈ ಗೋಡೆ ಬೀಳಲಿಲ್ಲ. ಬಿಡುಗಡೆಯಾದದ್ದು ಐಬಿಎಂ ಸಾರ್ವಜನಿಕ ಪರವಾನಗಿಯಡಿ. ಅದು ಮುಕ್ತ ಪರವಾನಗಿಯೇ, ಆದರೆ ಜಿಪಿಎಲ್ ಜತೆ ಕೂಡುವುದಿಲ್ಲ. ಕೋಡ್ ಕರ್ನಲ್ಲಿನ ಒಳಗೆ ಸೇರಲಾರದೆ ಹೊರಗೇ ಉಳಿಯಿತು. ತಾಂತ್ರಿಕ ತೊಂದರೆಗಳಲ್ಲಿ ಅರ್ಧಕ್ಕೆ ಬೇರು ಇಲ್ಲಿದೆ.

ಇಂಥ ಫೈಲ್ ಸಿಸ್ಟಮನ್ನು ಲಿನಕ್ಸ್‌ಗೆ ತರುವ ಕೆಲಸದ ಕ್ರಮ ಹೀಗಿರಬೇಕು. ಮೊದಲು ಆರ್‌ಎಕ್ಸ್ ಎಂಬ ಸಂವಹನ ಪದರವನ್ನು ಕರ್ನಲ್ಲಿನ ಹೊರಗೆ, ಸಾಮಾನ್ಯ ಪ್ರೋಗ್ರಾಮಾಗಿ ಓಡಿಸಿ. ಅದು ಯುಡಿಪಿ ಎಂಬ ಇಂಟರ್ನೆಟ್ ಸಂವಹನ ವಿಧಾನದ ಮೇಲೆ ನಡೆಯುತ್ತದೆ. ಫೈಲ್ ಸರ್ವರ್ 7000ನೇ ಪೋರ್ಟಿನಲ್ಲಿ, ವಾಲ್ಯೂಮ್ (ಒಟ್ಟಿಗೆ ಇಟ್ಟ ಫೈಲ್‌ಗಳ ಕಂತೆ) ಎಲ್ಲಿದೆ ಎಂದು ಹೇಳುವ ಸರ್ವರ್ 7003ರಲ್ಲಿ. ಕಾಲ್‌ಬ್ಯಾಕ್ ಬರುವುದು ಕ್ಲೈಂಟಿನ 7001ಕ್ಕೆ. ಇದು ನಿಂತ ಮೇಲೆ ಕರ್ನಲ್ ಮಾಡ್ಯೂಲ್. ಅದರಲ್ಲೂ ಮೊದಲು ಮೌಂಟ್ (ಡೈರೆಕ್ಟರಿಗಳ ಮರಕ್ಕೆ ಜೋಡಿಸುವುದು), ಆಮೇಲೆ ಹೆಸರು ಹುಡುಕುವುದು, ಡೈರೆಕ್ಟರಿ ಪಟ್ಟಿ, ಓದು. ಬರೆಯುವುದನ್ನೂ ಫೈಲನ್ನು ಮೆಮೊರಿಗೆ ಮ್ಯಾಪ್ ಮಾಡುವುದನ್ನೂ ಕೊನೆಗೆ ಇಟ್ಟುಕೊಳ್ಳಿ. ಓದು ಸರಿಯಿದೆ ಎಂಬ ಖಾತ್ರಿ ಇಲ್ಲದೆ ಬರಹಕ್ಕೆ ಕೈಹಾಕಿದರೆ ಕೆಟ್ಟದ್ದು ಕ್ಯಾಶೋ ಸರ್ವರೋ ಗೊತ್ತಾಗುವುದಿಲ್ಲ.

ಮೊದಲ ಪೆಟ್ಟು ಬೀಳುವುದು ಫೈಲಿನ ಗುರುತಿಗೆ. ಎಎಫ್‌ಎಸ್‌ನಲ್ಲಿ ಒಂದು ಫೈಲಿನ ಗುರುತು ಮೂರು ಸಂಖ್ಯೆಗಳು: ವಾಲ್ಯೂಮ್, ಅದರೊಳಗೆ ಫೈಲಿನ ಕ್ರಮಸಂಖ್ಯೆಯಾದ ವಿನೋಡ್, ಅದೇ ವಿನೋಡ್ ಮರುಬಳಕೆಯಾದರೆ ತಿಳಿಯಲು ಇನ್ನೊಂದು. ಒಂದೊಂದೂ 32 ಬಿಟ್. ಫೈಲನ್ನು ಗುರುತಿಸಲು ಯುನಿಕ್ಸ್ ಕೇಳುವುದು ಒಂದೇ ಐನೋಡ್ ಸಂಖ್ಯೆ, ಹಳೆಯ ಯಂತ್ರಗಳಲ್ಲಿ ಅದಕ್ಕಿದ್ದದ್ದು 32 ಬಿಟ್ ಜಾಗ. ವಾಲ್ಯೂಮ್ ಸಂಖ್ಯೆಯನ್ನು 16 ಬಿಟ್ ಎಡಕ್ಕೆ ಸರಿಸಿ ವಿನೋಡ್ ಕೂಡಿಸುವುದು ಹಳೆಯ ಉಪಾಯ. ವಾಲ್ಯೂಮ್‌ನಲ್ಲಿ ಫೈಲ್‌ಗಳು ಕಡಿಮೆ ಇದ್ದ ಕಾಲಕ್ಕೆ ಸಾಕಾಗಿತ್ತು. ವಿನೋಡ್ ಸಂಖ್ಯೆ 65,536 ದಾಟಿತೋ, ಪಕ್ಕದ ವಾಲ್ಯೂಮಿನ ಮೇಲೆ ಬಂದು ಕೂರುತ್ತದೆ. ಒಂದು ವಾಲ್ಯೂಮಿನ 65,538ನೇ ವಿನೋಡಿಗೂ ಮುಂದಿನ ವಾಲ್ಯೂಮಿನ 2ನೇ ವಿನೋಡಿಗೂ ಲೆಕ್ಕದಲ್ಲಿ ಒಂದೇ ಐನೋಡ್. ಆಗ ಸಿಪಿ ಕಮಾಂಡ್ "ಎರಡೂ ಒಂದೇ ಫೈಲ್" ಎಂದು ನಕಲು ಮಾಡಲು ನಿರಾಕರಿಸಬಹುದು, ಎರಡರ ಒಳಗಿರುವುದು ಬೇರೆ ಬೇರೆ ಆಗಿದ್ದರೂ. ಹೀಗೆ ಕೂಡಿಸುವ ಬದಲು ಎಂಡಿ5 ಎಂಬ ಹ್ಯಾಶ್ ಲೆಕ್ಕಹಾಕಿ ಐನೋಡ್ ಪಡೆಯುವ ಆಯ್ಕೆ ಓಪನ್‌ಎಎಫ್‌ಎಸ್‌ನಲ್ಲಿ ಆಮೇಲೆ ಬಂತು. ದೊಡ್ಡ ವಾಲ್ಯೂಮ್‌ಗಳಿರುವಲ್ಲಿ ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಇದಕ್ಕಿಂತ ಮೊಂಡು ಸಮಸ್ಯೆ ಡೈರೆಕ್ಟರಿಗಳದು. ಎಎಫ್‌ಎಸ್‌ನಲ್ಲಿ ಒಂದೇ ವಾಲ್ಯೂಮನ್ನು ಎರಡು ಮೂರು ಕಡೆ ಮೌಂಟ್ ಮಾಡಬಹುದು, ಅದು ದಿನನಿತ್ಯದ ಅಭ್ಯಾಸ. ಹಳೆಯ ಯುನಿಕ್ಸ್‌ಗಳು ಬಳಸಿದ ಸನ್ ಕಂಪನಿಯ ವಿನೋಡ್ ಮಾದರಿಯಲ್ಲಿ (ಇದು ಮೇಲಿನ ವಿನೋಡ್ ಸಂಖ್ಯೆಯಲ್ಲ) ಹೆಸರು ಮತ್ತು ಫೈಲ್ ಸಡಿಲವಾಗಿ ಬೆಸೆದಿದ್ದವು, ತಕರಾರು ಇರಲಿಲ್ಲ. ಲಿನಕ್ಸ್ ಹೆಸರಿಗೆ ಡೆಂಟ್ರಿ, ವಸ್ತುವಿಗೆ ಐನೋಡ್ ಎಂದು ಬೇರೆಬೇರೆ ಇಟ್ಟು, ಒಂದು ಡೈರೆಕ್ಟರಿಗೆ ಒಂದೇ ಡೆಂಟ್ರಿ ಇರಬೇಕೆಂದು ಹಿಡಿದು ಕೂರುತ್ತದೆ. ಒಂದೇ ಡೈರೆಕ್ಟರಿ ಎರಡು ದಾರಿಗಳಿಂದ ಸಿಕ್ಕರೆ, ಮೊದಲ ದಾರಿಯ ಡೆಂಟ್ರಿಯನ್ನು ಕಿತ್ತು ಎರಡನೆಯದಕ್ಕೆ ಜೋಡಿಸಬೇಕಾಗುತ್ತದೆ. ಮೊದಲ ದಾರಿಯಲ್ಲಿ ಕೂತಿದ್ದ ಪ್ರೋಗ್ರಾಮ್ "ನಾನೀಗ ಎಲ್ಲಿದ್ದೇನೆ" ಎಂದು ಕೇಳಿದರೆ "ಅಂಥ ಡೈರೆಕ್ಟರಿ ಇಲ್ಲ" ಎಂಬ ಉತ್ತರ. ಶೆಲ್ ಕಂಗಾಲಾಗುತ್ತದೆ, ಕಂಪೈಲ್ ನಡುವೆ ನಿಲ್ಲುತ್ತದೆ. ಆಡಳಿತ ನೋಡುವವರು ಒಂದು ವಾಲ್ಯೂಮಿಗೆ ಒಂದೇ ಮೌಂಟ್ ಬಿಂದು ಇಟ್ಟುಕೊಳ್ಳುವುದು ಇಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಉಪಾಯ.

ಕೇಳುತ್ತಿರುವವರು ಯಾರು ಎಂಬುದೂ ಸುಲಭವಲ್ಲ. ಎಎಫ್‌ಎಸ್‌ಗೆ ಯುನಿಕ್ಸ್‌ನ ಯೂಸರ್ ಸಂಖ್ಯೆ ಸಾಲದು. ಲಾಗಿನ್ ಆದ ಒಂದು ಅಧಿವೇಶನದ ಪ್ರೋಗ್ರಾಮುಗಳಿಗೆಲ್ಲ ಒಂದು ಟೋಕನ್, ಅಂದರೆ ಗುರುತಿನ ಚೀಟಿ ಬೇಕು. ಆ ಪ್ರೋಗ್ರಾಮುಗಳ ಗುಂಪಿಗೆ ಪ್ಯಾಗ್ ಎನ್ನುತ್ತಾರೆ. ಹಳೆಯ ಯುನಿಕ್ಸ್‌ಗಳಲ್ಲಿ ಪ್ಯಾಗ್ ಇಡಲು ಬೇರೆ ಜಾಗವಿಲ್ಲದೆ, ಪ್ರೋಗ್ರಾಮಿನ ಗುಂಪುಗಳ ಪಟ್ಟಿಯಲ್ಲಿ ಎರಡು ಸುಳ್ಳು ಗುಂಪು ಸಂಖ್ಯೆ ತುರುಕುತ್ತಿದ್ದರು. ಲಾಗಿನ್ ಪ್ರೋಗ್ರಾಮ್ ಗುಂಪುಗಳ ಪಟ್ಟಿಯನ್ನು ಹೊಸದಾಗಿ ಹಾಕಿದರೆ ಆ ಎರಡೂ ಅಳಿಸಿಹೋಗುತ್ತವೆ, ಟೋಕನ್ ಇದ್ದೂ ಇಲ್ಲದಂತಾಗುತ್ತದೆ. ಅದಕ್ಕಾಗಿ ಮಾಡ್ಯೂಲ್ ಕರ್ನಲ್ಲಿನ ಸಿಸ್ಟಮ್ ಕರೆಗಳ (ಪ್ರೋಗ್ರಾಮುಗಳು ಕರ್ನಲ್ಲಿಗೆ ಸಲ್ಲಿಸುವ ಕೋರಿಕೆಗಳ) ಕೋಷ್ಟಕಕ್ಕೇ ಕೈಹಾಕಿ, ಗುಂಪು ಹಾಕುವ ಕರೆಯನ್ನು ತನ್ನದರಿಂದ ಬದಲಿಸುತ್ತಿತ್ತು. ಲಿನಕ್ಸ್ ತಾನೇ ಎಎಫ್‌ಎಸ್‌ಗೆಂದು 32 ಬಿಟ್ ಇಂಟೆಲ್ ಯಂತ್ರಗಳಲ್ಲಿ 137ನೇ ಕರೆಯನ್ನು ಕಾದಿರಿಸಿತ್ತು. ಆದರೆ ಕರ್ನಲ್ 2.6ರ ಹೊತ್ತಿಗೆ ಕೋಷ್ಟಕವನ್ನು ಮಾಡ್ಯೂಲ್‌ಗಳಿಗೆ ಕಾಣದಂತೆ ಮುಚ್ಚಲಾಯಿತು. ಭದ್ರತೆಯ ದೃಷ್ಟಿಯಿಂದ ಅದು ಸರಿಯಾದ ನಿರ್ಧಾರ, ಕೋಷ್ಟಕ ತಿದ್ದುವುದು ದಾಳಿಕೋರರ ಮೊದಲ ತಂತ್ರ. ಓಪನ್‌ಎಎಫ್‌ಎಸ್ ಸ್ವಲ್ಪ ಕಾಲ ಮೆಮೊರಿಯಲ್ಲಿ ಕೋಷ್ಟಕವನ್ನು ಹುಡುಕಿ ತೆಗೆಯುವ ಕೋಡ್ ಹೊತ್ತಿತ್ತು. ಕೊನೆಗೆ ಕರೆಗಳನ್ನು ಕರ್ನಲ್ ಜತೆ ಮಾತಾಡಲು ಇರುವ ಪ್ರಾಕ್ ಡೈರೆಕ್ಟರಿಯ ಒಂದು ಫೈಲಿನ ಮೂಲಕ ಕಳಿಸುವುದು, ಪ್ಯಾಗನ್ನು ಕರ್ನಲ್ಲಿನ ಕೀಲಿಗೊಂಚಲಾದ ಕೀರಿಂಗ್‌ನಲ್ಲಿ ಇಡುವುದು ಎಂದಾಯಿತು. ಹಳೆಯ ಕಸರತ್ತಿಗಿಂತ ಇದು ಎಷ್ಟೋ ಶುದ್ಧ.

ಮೆಮೊರಿಯ ವಿಷಯಕ್ಕೆ ಬಂದರೆ ಯಂತ್ರವೇ ನಿಂತುಬಿಡುವ ತೊಂದರೆಗಳು. ಎಎಫ್‌ಎಸ್‌ನ ಒಂದು ಪುಟ (ಮೆಮೊರಿಯ ಒಂದು ತುಂಡು) ಓದಲು, ಅದು ಇಎಕ್ಸ್‌ಟಿ ಎಂಬ ಲಿನಕ್ಸ್ ಫೈಲ್ ಸಿಸ್ಟಮಿನ ಡಿಸ್ಕಿನಲ್ಲಿರುವ ಕ್ಯಾಶ್ ಫೈಲಿಗೆ ಮೊದಲು ಬರಬೇಕು, ಅಲ್ಲಿಂದ ಮೆಮೊರಿಗೆ. ಒಂದು ಫೈಲ್ ಸಿಸ್ಟಮ್ ಇನ್ನೊಂದರ ಮೇಲೆ ನಿಂತಿದೆ. ಮೆಮೊರಿ ತೀರುತ್ತಾ ಬಂದಾಗ ಕರ್ನಲ್, "ಬರೆದಿಟ್ಟ ಪುಟಗಳನ್ನು ಹೊರಹಾಕು" ಎಂದು ಎಎಫ್‌ಎಸ್‌ಗೆ ಹೇಳುತ್ತದೆ. ಹೊರಹಾಕಲು ಕ್ಯಾಶ್ ಫೈಲಿಗೆ ಬರೆಯಬೇಕು, ಬರೆಯಲು ಮೆಮೊರಿ ಬೇಕು, ಮೆಮೊರಿ ಕೇಳಿದರೆ ಕರ್ನಲ್ ಮತ್ತೆ ಎಎಫ್‌ಎಸ್‌ಗೇ ಬರುತ್ತದೆ. ಎಎಫ್‌ಎಸ್ ಕ್ಲೈಂಟಿನ ಕೋಡಿಗೆಲ್ಲ ಒಂದೇ ದೊಡ್ಡ ಬೀಗವಿದೆ, ಜಿಲಾಕ್. ಅದನ್ನು ಹಿಡಿದುಕೊಂಡು ಮೆಮೊರಿ ಕೇಳಿದರೆ, ಹಿಂತಿರುಗಿ ಬಂದ ಕರೆ ಅದೇ ಬೀಗಕ್ಕೆ ಕಾಯುತ್ತಾ ಕೂರುತ್ತದೆ. ಪರಿಹಾರ ಎರಡು. ಇಂಥ ದಾರಿಗಳಲ್ಲಿ ಮೆಮೊರಿ ಕೇಳುವಾಗ "ಫೈಲ್ ಸಿಸ್ಟಮ್‌ಗೆ ಹೋಗಬೇಡ" ಎಂಬ ಸೂಚನೆ ಕೊಡಬೇಕು. ಎಎಫ್‌ಎಸ್‌ಗೆ ವಾಪಸಾಗಬಹುದಾದ ಯಾವ ಕರ್ನಲ್ ಫಂಕ್ಷನ್ ಕರೆಯುವ ಮುನ್ನವೂ ಜಿಲಾಕ್ ಬಿಟ್ಟು, ಬಂದ ಮೇಲೆ ಮತ್ತೆ ಹಿಡಿಯಬೇಕು. ಒಂದು ಕಡೆ ಮರೆತರೂ ಯಂತ್ರ ಭಾರ ಹೆಚ್ಚಾದ ದಿನ ಮಾತ್ರ ನಿಲ್ಲುತ್ತದೆ, ಪರೀಕ್ಷೆಯಲ್ಲಿ ಸಿಗುವುದಿಲ್ಲ. ಅದಕ್ಕೇ ಪರೀಕ್ಷಿಸುವಾಗ ಕ್ಯಾಶನ್ನೂ ಮೆಮೊರಿಯನ್ನೂ ಬೇಕೆಂದೇ ಚಿಕ್ಕದು ಮಾಡಿ, ಎಎಫ್‌ಎಸ್ ಒಳಗೇ ಒಂದು ಕರ್ನಲ್ ಕಂಪೈಲ್ ಮಾಡಿಸಿ.

ಮ್ಯಾಪ್ ಮಾಡಿದ ಫೈಲ್‌ಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅವುಗಳ ಪುಟ ಬರೆಯುವುದು ಬಳಕೆದಾರರ ಪ್ರೋಗ್ರಾಮಲ್ಲ, ಕರ್ನಲ್ಲಿನದೇ ಥ್ರೆಡ್. ಅದಕ್ಕೆ ಟೋಕನ್ ಇಲ್ಲ, ಸರ್ವರ್ ಅನುಮತಿ ಕೊಡುವುದಿಲ್ಲ. ಫೈಲ್ ತೆರೆದವರ ಗುರುತನ್ನು ಆ ಫೈಲಿನ ಜತೆ ಕಟ್ಟಿಟ್ಟು, ಬರೆಯುವಾಗ ಅದನ್ನೇ ಬಳಸಬೇಕು.

ಇವನ್ನೆಲ್ಲ ಗೆದ್ದರೂ ಕೆಲಸ ಮುಗಿಯುವುದಿಲ್ಲ. ಲಿನಕ್ಸ್ ಕರ್ನಲ್ಲಿನ ಒಳಗಿನ ಫಂಕ್ಷನ್‌ಗಳಿಗೆ ಸ್ಥಿರತೆಯ ಭರವಸೆ ಇಲ್ಲ. ಒಳಗಿರುವ ಫೈಲ್ ಸಿಸ್ಟಮ್‌ಗಳನ್ನು ಬದಲಾವಣೆ ತಂದವರೇ ತಿದ್ದುತ್ತಾರೆ, ಹೊರಗಿನದನ್ನು ಹೊರಗಿನವರೇ ನೋಡಿಕೊಳ್ಳಬೇಕು. ಕರ್ನಲ್ 5.10ರಲ್ಲಿ ಇಂಟೆಲ್ ಯಂತ್ರಗಳಿಂದ ಸೆಟ್‌ಎಫ್‌ಎಸ್ ಎಂಬ ಫಂಕ್ಷನ್ ಹೋಯಿತು. ಕ್ಯಾಶ್ ಫೈಲ್ ಓದಿ ಬರೆಯಲು ಓಪನ್‌ಎಎಫ್‌ಎಸ್ ಅದನ್ನೇ ನೆಚ್ಚಿಕೊಂಡಿತ್ತು. 5.19ರಲ್ಲಿ ಪುಟ ಓದುವ ಫಂಕ್ಷನಿನ ಜಾಗಕ್ಕೆ ಫೋಲಿಯೋ, ಅಂದರೆ ಪುಟಗಳ ಕಂತೆ ಓದುವ ಫಂಕ್ಷನ್ ಬಂತು. ಹಾಗಾಗಿ ಓಪನ್‌ಎಎಫ್‌ಎಸ್ ಕಂಪೈಲ್ ಆಗುವ ಮುನ್ನ ಚಿಕ್ಕ ಚಿಕ್ಕ ಪರೀಕ್ಷಾ ಪ್ರೋಗ್ರಾಮುಗಳನ್ನು ಓಡಿಸಿ, ಎದುರಿಗಿರುವ ಕರ್ನಲ್ಲಿನಲ್ಲಿ ಏನಿದೆ, ಏನಿಲ್ಲ ಎಂದು ಪತ್ತೆ ಮಾಡುತ್ತದೆ.

ಆರಂಭದಲ್ಲಿ ಸಲೀಸಾಗಿ ಬಂದ ನೆಟ್‌ವರ್ಕ್ ಪದರವೂ ಒಮ್ಮೆ ಕೈಕೊಟ್ಟಿತು. ಆರ್‌ಎಕ್ಸ್ ತನ್ನ ಸಂಪರ್ಕಗಳಿಗೆ ಕೊಡುವ ಗುರುತು ಸಂಖ್ಯೆಯನ್ನು ಗಡಿಯಾರದಿಂದ ಶುರುಮಾಡುತ್ತದೆ. ಓಪನ್‌ಎಎಫ್‌ಎಸ್ 1.8 ಸರಣಿಯ ಕೋಡಿನಲ್ಲಿ ಆ ಸಂಖ್ಯೆ ಮಿತಿ ದಾಟಿದಾಗಿನ ಲೆಕ್ಕ ತಪ್ಪಿತ್ತು. 2021ರ ಜನವರಿ 14ರಂದು, ನಮ್ಮ ಸಮಯ ಮಧ್ಯಾಹ್ನ 1 ಗಂಟೆ 55 ನಿಮಿಷಕ್ಕೆ ಯುನಿಕ್ಸ್ ಗಡಿಯಾರ 1,610,612,736 ಮುಟ್ಟಿತು. ಆಮೇಲೆ ಶುರುವಾದ ಕ್ಲೈಂಟ್, ಸರ್ವರ್‌ಗಳು ಮಾತಾಡಲಾರದೆ ಹೋದವು. ಅದಕ್ಕೂ ಮೊದಲೇ ಶುರುವಾಗಿದ್ದವು ನಡೆಯುತ್ತಲೇ ಇದ್ದವು, ಹಾಗಾಗಿ ಸರಿಯಿಲ್ಲವೆಂದು ಮರುಚಾಲನೆ ಮಾಡಿದಷ್ಟೂ ಕೆಡುತ್ತಿತ್ತು. 1.8.7ರಲ್ಲಿ ಸರಿಯಾಯಿತು.

ಇಂದು ಲಿನಕ್ಸ್ ಬಳಸುವವರಿಗೆ ಎರಡು ಆಯ್ಕೆ. ಕರ್ನಲ್ಲಿನೊಳಗೇ ಜಿಪಿಎಲ್ ಅಡಿ ಹೊಸದಾಗಿ ಬರೆದ ಕೆಎಎಫ್‌ಎಸ್ ಇದೆ, ಕರ್ನಲ್ ಬದಲಾದಂತೆ ಅದೂ ಬದಲಾಗುತ್ತದೆ. ಓಪನ್‌ಎಎಫ್‌ಎಸ್ ಬೇಕಿದ್ದರೆ ಪ್ರತಿ ಕರ್ನಲ್ಲಿಗೂ ಮಾಡ್ಯೂಲನ್ನು ತಾನಾಗಿ ಕಟ್ಟುವ ಡಿಕೆಎಂಎಸ್ ಪ್ಯಾಕೇಜ್ ಹಾಕಿ, ಕರ್ನಲ್ ಹೆಡರ್ ಪ್ಯಾಕೇಜನ್ನೂ ಜತೆಗೇ ಹಾಕಿ. ಇಲ್ಲದಿದ್ದರೆ ಕರ್ನಲ್ ನವೀಕರಣವಾದ ಮೇಲೆ ಮಾಡ್ಯೂಲ್ ಕಟ್ಟಲಾಗದು. ಸಹಿಯಿಲ್ಲದ ಕೋಡನ್ನು ತಡೆಯುವ ಸೆಕ್ಯೂರ್ ಬೂಟ್ ಇದ್ದರೆ ಮಾಡ್ಯೂಲಿಗೆ ಸಹಿ ಬೇಕು. ಕ್ಯಾಶ್‌ಗೆ ಬೇರೆಯದೇ ಪಾರ್ಟಿಷನ್ ಕೊಟ್ಟು ಶೇ. 85ರಷ್ಟನ್ನು ಮಾತ್ರ ಬಳಸಲು ಬಿಡಿ. ಯಂತ್ರ ಮನೆಯ ರೌಟರಿನ ಹಿಂದಿದ್ದರೆ ಯುಡಿಪಿ ದಾರಿ ಕೆಲ ಹೊತ್ತು ಸದ್ದಿಲ್ಲದಿದ್ದರೆ ಮುಚ್ಚಿಹೋಗುತ್ತದೆ, ಕಾಲ್‌ಬ್ಯಾಕ್ ತಲುಪುವುದಿಲ್ಲ, ಇನ್ನೊಬ್ಬರು ಬದಲಿಸಿದ ಫೈಲಿನ ಹಳೆಯ ಪ್ರತಿಯನ್ನೇ ನೀವು ಓದುತ್ತಿರುತ್ತೀರಿ. ರೌಟರಿನಲ್ಲಿ ಯುಡಿಪಿ ಕಾಲಮಿತಿಯನ್ನು ಹೆಚ್ಚಿಸಿ. ಕೆಎಎಫ್‌ಎಸ್, ಓಪನ್‌ಎಎಫ್‌ಎಸ್ ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳಬೇಡಿ, ಎರಡೂ 7001ನ್ನೇ ಕೇಳುತ್ತವೆ.